ಕನ್ನಡದ ಸೇವೆಗೆ ಬಾಳನ್ನು ಸವೆಸಿದ ಹರ್ಮನ್ ಮೋಗ್ಲಿಂಗ್

ಬಸವಣ್ಣನವರ ಚರಿತ್ರೆಯನ್ನು ತೆಲುಗಿನ ದ್ವಿಪದಿಯಲ್ಲಿ ಹಾಡಿದ ಪಾಲ್ಕುರಿಕೆ ಸೋಮನಾಥನ ಹೆಸರು ಹಾಲ್ಕುರಿಕೆಯ ಸೀಮೆಯವರಿಗೆ ಆಪ್ತವಾದುದು. ಆತನ ಊರು ತೆಲಂಗಾಣದ ಪಾಲಕುರ್ತಿಯೆಂಬುದು ಹಲವು ವಿದ್ವಾಂಸರ ಮತ. ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯೇ ಆ ಪಾಲ್ಕುರಿಕೆ ಎಂಬ ಅಭಿಪ್ರಾಯವೂ ಕೇಳಿಬಂದಿದೆ. ಹಳಗನ್ನಡದ ಪಕಾರವು ಮುಂದೆ ಹಕಾರವಾದ ಬಗೆಯನ್ನು ಬಲ್ಲವರಿಗೆ ಈ ಎರಡನೆಯ ಮಾತು ತೀರ ಅಸಹಜವೆಂದು ತೋರದು. ಆ ವಾದವನ್ನು ಬಲ್ಲವರಿಗೇ ಬಿಡೋಣ. ಸೋಮನಾಥನ ಕೃತಿಯನ್ನು ಆಧರಿಸಿ ಭೀಮಕವಿಯು 1369ರಲ್ಲಿ ಕನ್ನಡದ ಷಟ್ಪದಿಯಲ್ಲಿ ಬಸವಪುರಾಣವನ್ನು ರಚಿಸಿದನು. ಅಂದಿನಿಂದ ಸುಮಾರು ಐದು ಶತಮಾನಗಳ ಕಾಲ ಅದು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ತಾಳೆಗರಿಯ ಕಟ್ಟುಗಳಲ್ಲಿ ಉಳಿದುಬಂದಿತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಆ ಪುರಾಣವನ್ನು ಮಂಗಳೂರಿನಲ್ಲಿ ಅಚ್ಚಿಗೆ ತಂದವರು ಶಿವಭಕ್ತರಲ್ಲ, ಕನ್ನಡನಾಡಿನಲ್ಲಿ ಹುಟ್ಟಿದವರೂ ಅಲ್ಲ. ಜರ್ಮನಿಯಿಂದ ಯೇಸುವಿನ ಮತವನ್ನು ಬೋಧಿಸಲೆಂದು ಬಂದ ಪಾದ್ರಿ ಅವರು. ಹೆಸರು ಹರ್ಮನ್ ಮೋಗ್ಲಿಂಗ್.

ಮೋಗ್ಲಿಂಗರು 1811ರ ಮೇ 29ರಂದು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸಂಸ್ಥಾನದ ಬ್ರಾಕೆನ್‌ಹೈಮ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ದೇವತಾಶಾಸ್ತ್ರವನ್ನು ವ್ಯಾಸಂಗ ಮಾಡಿದ ಅವರಿಗೆ ಸ್ವದೇಶದಲ್ಲಿಯೇ ಗುರುಪೀಠವೊಂದು ದೊರೆತು, ನೆಮ್ಮದಿಯ ಬಾಳು ಸಾಗಬಹುದಾಗಿತ್ತು. ಅವರು ಆ ದಾರಿಯನ್ನು ಬಿಟ್ಟು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ನೆಲೆಗೊಂಡಿದ್ದ ಮಿಷನ್ ಸಂಸ್ಥೆಯನ್ನು ಸೇರಿದರು. ಆ ಸಂಸ್ಥೆಯ ಮೊದಲ ಮೂವರು ಪಾದ್ರಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ ಅವರು 1834ರಲ್ಲಿ ಮಂಗಳೂರಿಗೆ ಬಂದಿಳಿದಿದ್ದರು. ಎರಡು ವರ್ಷಗಳ ತರುವಾಯ, 1836ರಲ್ಲಿ, ಇಪ್ಪತ್ತೈದರ ಹರೆಯದ ಮೋಗ್ಲಿಂಗರೂ ಅಲ್ಲಿಗೆ ಬಂದರು. ನಮ್ಮ ಸೀಮೆಗೆ ಸಮೀಪದ ಗುಬ್ಬಿಯಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು ನೆಲೆಯೂರಿದುದು ಮರುವರ್ಷ, 1837ರಲ್ಲಿ; ಕನ್ನಡನಾಡಿಗೆ ಪರದೇಶದ ಪಾದ್ರಿಗಳು ಅಲ್ಲಲ್ಲಿ ಬಂದು ನಿಂತ ಕಾಲವದು.

ಬಂದವರೆಲ್ಲರೂ ಕನ್ನಡವನ್ನು ಕಲಿತರು. ಬೋಧನೆಗೆ ಅದು ಅನಿವಾರ್ಯವಾಗಿತ್ತು. ಆದರೆ ಬೋಧನೆಗೆ ಬೇಕಾದಷ್ಟು ಭಾಷೆಯನ್ನು ಕಲಿಯುವುದಕ್ಕೂ ಆ ಭಾಷೆಯ ಜನರ ಗಾದೆ, ಹಾಡು, ಕಾವ್ಯಗಳನ್ನು ಮನಸ್ಸಿಗೆ ತೆಗೆದುಕೊಳ್ಳುವುದಕ್ಕೂ ಅಂತರವುಂಟು. ಮೋಗ್ಲಿಂಗರು ಎರಡನೆಯ ದಾರಿಯನ್ನು ಹಿಡಿದರು. ಮಂಗಳೂರಿನಿಂದ ಘಟ್ಟವನ್ನು ಹತ್ತಿ ಧಾರವಾಡ, ಹುಬ್ಬಳ್ಳಿಯ ಕಡೆಗೂ ಸಂಚರಿಸಿದ ಅವರು ಉತ್ತರ ಕರ್ನಾಟಕದ ಲಿಂಗಾಯತ ಜನರ ನಡುವೆ ಓಡಾಡಿದರು. ಅಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿ, ಮುಂದೆ ಬರಲಿರುವ ಶರಣರ ರಾಜ್ಯವನ್ನು ಎದುರುನೋಡುತ್ತಿದ್ದ ಜನರ ಗುಂಪುಗಳ ಪರಿಚಯವಾಯಿತು. ಆ ಜನ ಒಟ್ಟಾಗಿ ತಮ್ಮ ಮತಕ್ಕೆ ಬಂದಾರೆಂದು ಪಾದ್ರಿಗಳು ನೆಚ್ಚಿದರು. ಗದಗಿನ ಬಳಿಯ ಮಲಸಮುದ್ರದಲ್ಲಿ 1841ರಲ್ಲಿ ಒಂದು ನೆಲೆಯನ್ನು ಸ್ಥಾಪಿಸಿದುದು ಆ ನೆಚ್ಚಿಕೆಯಿಂದಲೇ. ನಿರೀಕ್ಷೆ ಫಲಿಸಲಿಲ್ಲ, ಕೆಲವೇ ವರ್ಷಗಳಲ್ಲಿ ಅದು ಕೈಬಿಟ್ಟುಹೋಯಿತು. ಪರರ ಶ್ರದ್ಧೆಯನ್ನು ಅರಿಯದೆ ತಮ್ಮ ಲೆಕ್ಕಕ್ಕೆ ಅದನ್ನು ಹೊಂದಿಸಿಕೊಂಡುದರ ಫಲವೆಂದೇ ಇದನ್ನು ಹೇಳಬೇಕು. ಆದರೆ ಲಿಂಗಾಯತರ ಪುರಾಣಗಳಲ್ಲಿ ಏನಿದೆ ಎಂದು ಓದಿ ತಿಳಿಯುವ ಹಂಬಲ ಮೋಗ್ಲಿಂಗರಲ್ಲಿ ಉಳಿಯಿತು.

ಮಂಗಳೂರಿನ ಬಲ್ಮಠದ ಗುಡ್ಡದಲ್ಲಿ ಮಿಷನ್ನಿನ ಪಾಠಶಾಲೆಯಿತ್ತು. ಉಪದೇಶಕರಾಗತಕ್ಕ ಹುಡುಗರಿಗೆ ಅಲ್ಲಿ ವಿದ್ಯೆ ಕಲಿಸುವ ಹೊಣೆ ಮೋಗ್ಲಿಂಗರದಾಯಿತು. ಪರಂಗಿಯವರು ಬಂಗಲೆಯಲ್ಲಿಯೂ ನಾಡಿನ ಜನ ಹೊರಗಿನ ಜಗಲಿಯಲ್ಲಿಯೂ ಇರಬೇಕಾದ ಕಾಲವದು. ಕಂಪನಿ ಸರ್ಕಾರದ ಅಧಿಕಾರಿಯೂ ಪಾದ್ರಿಯೂ ಒಂದೇ ಬಣ್ಣದವರಾದುದರಿಂದ ಇಬ್ಬರನ್ನೂ ದೊರೆಗಳೆಂದೇ ಜನ ಭಾವಿಸುತ್ತಿದ್ದರು. ಪಾದ್ರಿಯಾದವನು ಆ ದೊರೆತನವನ್ನು ಬಿಟ್ಟುಕೊಟ್ಟು, ನಾಡಿನವರೊಡನೆ ಸರಳವಾಗಿ ಬಾಳಬೇಕೆಂಬುದು ಮೋಗ್ಲಿಂಗರ ಮತ್ತು ಅವರ ಕೆಲವು ಸಂಗಡಿಗರ ವಿಚಾರವಾಗಿತ್ತು. ಶಿಷ್ಯರನ್ನು ಮಕ್ಕಳಂತೆ ಜೊತೆಗಿಟ್ಟುಕೊಂಡು ನಡೆಸಿದ ಅವರ ಪಾಠಶಾಲೆಯಲ್ಲಿ ಗುರುಕುಲದ ಛಾಯೆಯಿತ್ತೆಂದರೆ ತಪ್ಪಾಗದು.

ಈ ಸಂದರ್ಭದಲ್ಲಿ ಆನಂದರಾಯ ಕೌಂಡಿನ್ಯನ ವಿಷಯವನ್ನು ಹೇಳದೆ ಮುಂದುವರಿಯಲಾಗದು. ಸಾರಸ್ವತ ಬ್ರಾಹ್ಮಣ ಮನೆತನದ ಈ ತರುಣ 1844ರ ಜನವರಿಯಲ್ಲಿ ಮೋಗ್ಲಿಂಗರಿಂದ ದೀಕ್ಷಾಸ್ನಾನ ಪಡೆದು, ಗುರುವಿನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾಯ ಕೌಂಡಿನ್ಯ ಎನಿಸಿದನು. ಮಂಗಳೂರಿನಲ್ಲಿ ಕೋಲಾಹಲವೆದ್ದಿತು. ಮಿಷನ್ನಿನ ವೃತ್ತಾಂತಗಳಲ್ಲಿ ಇದು ಜಯದ ಕಥೆಯಾಗಿ ಬರೆಯಲ್ಪಟ್ಟಿದೆ. ಆದರೆ ಮಗನನ್ನು ಕಳೆದುಕೊಂಡ ಮನೆಯ ದುಃಖವೂ ಅಷ್ಟೇ ನಿಜವಾದುದು. ಮೋಗ್ಲಿಂಗರ ಕರುಣೆಯನ್ನು ಕೊಂಡಾಡುವವರು ಈ ಸಂಗತಿಯನ್ನು ಮರೆಯಬಾರದು. ಅಷ್ಟನ್ನು ಹೇಳಿದ ಮೇಲೆ, ತಾವು ಬೇರುಸಹಿತ ಕಿತ್ತು ತಂದ ಸಸಿಯನ್ನು ಅವರು ನಡುದಾರಿಯಲ್ಲಿ ಒಣಗಲು ಬಿಡಲಿಲ್ಲವೆಂಬುದನ್ನೂ ಹೇಳಬೇಕು. ಕೌಂಡಿನ್ಯನನ್ನು ತಮ್ಮ ಮಗನೆಂದೇ ಭಾವಿಸಿ, 1846ರಲ್ಲಿ ಯೂರೋಪಿಗೆ ಕರೆದೊಯ್ದು ಬಾಸೆಲ್‌ನಲ್ಲಿ ವಿದ್ಯಾಭ್ಯಾಸಕ್ಕೆ ವ್ಯವಸ್ಥೆ ಮಾಡಿದರು. ಆತನು 1851ರಲ್ಲಿ ಪಾದ್ರಿಯಾಗಿ, ಜರ್ಮನ್ ಪಾದ್ರಿಗಳ ಸರಿಸಮನಾಗಿ ಹಿಂದಿರುಗಿದನು. ಕರಿಯ ಬಿಳಿಯ ಭೇದ ಬಲವಾಗಿದ್ದ ದಿನಗಳಲ್ಲಿ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಕನ್ನಡಿಗರಿಗೆ ಮೋಗ್ಲಿಂಗರ ಹೆಸರು ಹೆಚ್ಚಾಗಿ ತಿಳಿದಿರುವುದು ಮಂಗಳೂರ ಸಮಾಚಾರದಿಂದ. ಈ ಪತ್ರಿಕೆ 1843ರ ಜುಲೈ 1ರಂದು ಮೊದಲ ಬಾರಿಗೆ ಪ್ರಕಟವಾಯಿತು. ಕರ್ನಾಟಕದಲ್ಲಿ ಪ್ರತಿವರ್ಷ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಇದರ ನೆನಪಿಗಾಗಿಯೇ. ನಾಲ್ಕು ಪುಟ, ಹದಿನೈದು ದಿನಕ್ಕೊಂದು ಸಂಚಿಕೆ, ಬೆಲೆ ಒಂದು ದುಡ್ಡು.

ಇಂಥ ಪತ್ರಿಕೆಯ ಅಗತ್ಯವೇನಿತ್ತು? ಊರಿನ ಜನ ಕಚೇರಿಯ ಬಾಗಿಲಲ್ಲಿ, ಅಂಗಡಿಯ ಬೀದಿಯಲ್ಲಿ ಸುದ್ದಿಗೆ ಕಾತರಿಸುತ್ತಾರೆ. ಮುಂಜಾನೆ ಒಬ್ಬನ ಬಾಯಲ್ಲಿ ಹುಟ್ಟಿದ ಸುಳ್ಳು ಸಂಜೆಯ ಹೊತ್ತಿಗೆ ಊರೆಲ್ಲ ಸುತ್ತಿ ನಿಜವೆನಿಸಿಬಿಡುತ್ತದೆ. ಆದ್ದರಿಂದ ವಿಚಾರಿಸಿ ತಿಳಿದ ವರ್ತಮಾನವನ್ನು ಕೊಡಬೇಕು ಎಂಬ ಆಶಯವನ್ನು ಮೋಗ್ಲಿಂಗರು ಆರಂಭದಲ್ಲಿಯೇ ವಿವರಿಸಿದ್ದರು. ಕಂಪನಿ ಸರ್ಕಾರದ ಕಾನೂನು ಕಟ್ಟಳೆಗಳು ರೈತನಿಗೆ ತಿಳಿಯುತ್ತಿರಲಿಲ್ಲ. ಬಲ್ಲವರು ಬಲ್ಲದವರನ್ನು ಸುಲಿಯುವುದಕ್ಕೆ ಆ ಅಜ್ಞಾನವೇ ಸಾಧನವಾಗಿತ್ತು. ಪತ್ರಿಕೆಯಲ್ಲಿ ಊರಿನ ವರ್ತಮಾನ, ಸರ್ಕಾರದ ಆಜ್ಞೆಗಳು, ಪರದೇಶದ ಸುದ್ದಿ, ನೀತಿಕಥೆಗಳು ಬಂದವು. ಅಷ್ಟೇ ಅಲ್ಲ, ದಾಸರ ಪದಗಳೂ ಬಂದವು. ಪಾದ್ರಿಯ ಪತ್ರಿಕೆಯಲ್ಲಿ ಹರಿದಾಸರಿಗೆ ಮಣೆ ಹಾಕಿದುದನ್ನು ಕಂಡು ಅಂದಿನ ಓದುಗರು ಬೆರಗಾಗಿರಬೇಕು.

ಅದನ್ನು ಮುದ್ರಿಸಿದ ಬಗೆಯೂ ತಿಳಿಯತಕ್ಕದ್ದೇ. ಬಲ್ಮಠದಲ್ಲಿ 1841ರಲ್ಲಿ ಸ್ಥಾಪಿತವಾದ ಮುದ್ರಣಾಲಯದಲ್ಲಿ ಆಗ ಇದ್ದುದು ಕಲ್ಲಚ್ಚು. ಜಿಡ್ಡಿನ ಮಸಿಯಿಂದ ಬರೆದುದನ್ನು ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ನೀರಿನಿಂದ ತೋಯಿಸಿ ಮಸಿಯ ಉರುಳೆಯನ್ನು ಆಡಿಸಿದರೆ, ತೇವವಿರುವ ಕಡೆ ಮಸಿ ನಿಲ್ಲದೆ ಬರವಣಿಗೆಯ ಮೇಲೆ ಮಾತ್ರ ಹಿಡಿಯುತ್ತದೆ. ಅದರ ಮೇಲೆ ಕಾಗದವನ್ನಿಟ್ಟು ಒತ್ತಬೇಕು. ಪ್ರತಿಯೊಂದು ಪುಟವನ್ನೂ ಮೊದಲು ಕೈಯಿಂದ ದುಂಡಾಗಿ ಬರೆಯಲೇಬೇಕಾದುದರಿಂದ ದೊಡ್ಡ ಗ್ರಂಥಗಳಿಗೆ ಇದು ತಿಂಗಳುಗಳ ದುಡಿಮೆ. ಅಚ್ಚಿನ ಮೊಳೆಗಳ ಅನುಕೂಲವಿದ್ದ ಬಳ್ಳಾರಿಗೆ ಪತ್ರಿಕೆಯನ್ನು 1844ರ ಮಾರ್ಚಿಯಲ್ಲಿ ವರ್ಗಾಯಿಸಿ, ಕನ್ನಡ ಸಮಾಚಾರವೆಂದು ಹೆಸರನ್ನು ಬದಲಾಯಿಸಿದರು. ಅದು ಬಹುಕಾಲ ನಡೆಯಲಿಲ್ಲ. ಒಂದು ದುಡ್ಡನ್ನು ಕೊಟ್ಟು ಸುದ್ದಿಯನ್ನು ಓದುವ ಅಭ್ಯಾಸವಿನ್ನೂ ನಾಡಿನಲ್ಲಿ ಹುಟ್ಟಬೇಕಾಗಿತ್ತು.

ಅವರ ಹಿರಿಯ ಸಾಧನೆಯಾದ ಗ್ರಂಥಮಾಲೆ ಇದಾದ ಬಳಿಕ ಹೊರಬಂದಿತು. ಕಂಪನಿ ಸರ್ಕಾರದ ನಿವೃತ್ತ ಅಧಿಕಾರಿಯಾಗಿದ್ದ ಕ್ಯಾಸಮೇಜರ್ ಎಂಬವರು ಕನ್ನಡದ ಹಳೆಯ ಕೃತಿಗಳ ಪ್ರಕಟಣೆಗೆ ಹಣವನ್ನು ಒದಗಿಸಿದರು. ಆ ದ್ರವ್ಯಸಹಾಯದಿಂದ 1848ರಿಂದ 1853ರವರೆಗೆ ಬಿಬ್ಲಿಯೊಥೆಕಾ ಕರ್ನಾಟಿಕಾ ಎಂಬ ಮಾಲೆಯನ್ನು ಮೋಗ್ಲಿಂಗರು ಸಂಪಾದಿಸಿದರು. ಲಕ್ಷ್ಮೀಶನ ಜೈಮಿನಿ ಭಾರತ, ತೊರವೆ ರಾಮಾಯಣ, ಕುಮಾರವ್ಯಾಸ ಭಾರತದ ಭಾಗ, ದಾಸರ ಪದಗಳು, ಭೀಮಕವಿಯ ಬಸವಪುರಾಣ, 1584ರಲ್ಲಿ ವಿರೂಪಾಕ್ಷ ಪಂಡಿತನು ರಚಿಸಿದ ಚನ್ನಬಸವ ಪುರಾಣ ಇವು ಆ ಮಾಲೆಯಲ್ಲಿ ಬೆಳಕು ಕಂಡವು. ಬ್ರಾಹ್ಮಣರ ಕಾವ್ಯ, ವೀರಶೈವರ ಪುರಾಣ, ದಾಸರ ಹಾಡುಗಳನ್ನೆಲ್ಲ ಕ್ರೈಸ್ತನೊಬ್ಬ ಒಂದೇ ಹೊಲಿಗೆಯಲ್ಲಿ ಕಟ್ಟಿದ ಈ ಕಾರ್ಯ ಕನ್ನಡ ಸಾಹಿತ್ಯದ ಇತಿಹಾಸದಲ್ಲಿ ಸ್ಮರಣೀಯವಾದುದು. ಲಕ್ಷ್ಮೀಶನ ಊರಾದ ಕಡೂರು ತಾಲ್ಲೂಕಿನ ದೇವನೂರಾಗಲಿ, ಕನ್ನಡ ಪುರಾಣಗಳನ್ನು ಓದಿಸಿ ಅರ್ಥ ಹೇಳಿಸುತ್ತಿದ್ದ ನಮ್ಮ ತೆಂಗಿನ ಸೀಮೆಯ ಹಳ್ಳಿಗಳಾಗಲಿ ಆ ದಿನಗಳಲ್ಲಿ ಅಚ್ಚಾದ ಪುಸ್ತಕವನ್ನು ಕಂಡದ್ದೇ ಅಪೂರ್ವ. ಓಲೆಗಳನ್ನು ಸಂಗ್ರಹಿಸಿ, ಅಕ್ಷರ ಸವೆದ ಕಡೆ ಊಹಿಸಿ, ಒಂದು ಪ್ರತಿಗೂ ಇನ್ನೊಂದಕ್ಕೂ ಪಾಠ ಬೇರೆಯಾದಾಗ ಯಾವುದನ್ನು ಹಿಡಿಯಬೇಕೆಂದು ತೂಗಿ ನೋಡುವುದು ಇಂದಿನ ವಿದ್ವಾಂಸರಿಗೂ ಕಷ್ಟದ ಕೆಲಸ. ಆಧಾರಕ್ಕೆ ಸಮರ್ಪಕವಾದ ನಿಘಂಟು ಇಲ್ಲದ ದಿನಗಳಲ್ಲಿ ಪರಭಾಷಿಕನೊಬ್ಬ ಅದಕ್ಕೆ ಕೈಹಾಕಿದನು. ನಾಡಿನ ಪಂಡಿತರ ನೆರವಿಲ್ಲದೆ ಅದು ಸಾಧ್ಯವಾಗುತ್ತಿರಲಿಲ್ಲ. ಆ ಪಂಡಿತರಲ್ಲಿ ಅನೇಕರ ಹೆಸರು ಮರೆಯಾಗಿರುವುದು ವಿಷಾದದ ಸಂಗತಿ.

ಮೋಗ್ಲಿಂಗರು ಈ ಪುರಾಣಗಳನ್ನು ಶ್ರದ್ಧೆಯಿಂದ ಪ್ರಕಟಿಸಲಿಲ್ಲ, ಈ ಜನರ ಮನಸ್ಸನ್ನು ಅರಿತು ತಮ್ಮ ಮತವನ್ನು ಬೋಧಿಸಲು ಪ್ರಕಟಿಸಿದರು ಎಂದು ಆಕ್ಷೇಪಿಸಬಹುದು. ಆ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಮಿಷನ್ನಿಗೆ ಅವರು ಕೊಡಬಹುದಾಗಿದ್ದ ಸಮಾಧಾನವೂ ಅದೇ. ಆದರೆ ಎದುರಾಳಿಯನ್ನು ಖಂಡಿಸಲು ಬೇಕಾದ ನಾಲ್ಕು ಪದ್ಯಗಳನ್ನು ಆರಿಸಿಕೊಂಡರೆ ಸಾಕಾಗಿತ್ತು. ಗ್ರಂಥವನ್ನು ಆಮೂಲಾಗ್ರವಾಗಿ ಅಚ್ಚುಮಾಡಿ ಜನರ ಕೈಗೆ ಕೊಡಬೇಕಾದ ಅಗತ್ಯವಿರಲಿಲ್ಲ. ನೆರೆಯವನ ಒಡವೆಯನ್ನು ಅವನಿಗೇ ಒರಸಿ ಕೊಟ್ಟಂತಹ ಉಪಕಾರವಿದು. ಸ್ವದೇಶಕ್ಕೆ ಮರಳಿದ ಮೇಲೆ, ಬೋಧನೆಯ ಪ್ರಯೋಜನವೇ ಇಲ್ಲದ ಕಾಲದಲ್ಲಿ, ಅವರು ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸುತ್ತಿದ್ದರೆಂಬುದನ್ನು ನೆನೆದರೆ ಆ ಆಕ್ಷೇಪಣೆಯ ಬಲ ಕುಗ್ಗುತ್ತದೆ. ಈ ಸಾಹಿತ್ಯಸೇವೆಗಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು.

ಆ ಪದವಿ ಅವರನ್ನು ತಲುಪಿದಾಗ ಅವರು ಇದ್ದುದು ಗ್ರಂಥಭಂಡಾರದಲ್ಲಲ್ಲ, ಕೊಡಗಿನ ಕಾಡಿನಲ್ಲಿ.

ಮಂಗಳೂರಿನ ಕೆಲಸವನ್ನು ಬಿಟ್ಟು ಊರಿಗೆ ಮರಳುವ ಆಲೋಚನೆಯಲ್ಲಿದ್ದ ಮೋಗ್ಲಿಂಗರ ಬಳಿಗೆ ಅಲ್ಮಂಡ ಮನೆತನದ ಸೋಮಯ್ಯನೆಂಬ ಕೊಡವನು ಬಂದನು. ಆತನು ಕ್ರೈಸ್ತಮತವನ್ನು ಸ್ವೀಕರಿಸಿ ಸ್ಟೆಫಾನಸ್ ಸೋಮಯ್ಯನಾದನು. ತನ್ನ ಊರಿಗೆ ಒಬ್ಬನೇ ಮರಳಿದರೆ ಗತಿಯೇನೆಂಬ ಚಿಂತೆ ಆತನಿಗಿತ್ತು. ಮೋಗ್ಲಿಂಗರು ತಮ್ಮ ಪಯಣವನ್ನು ಕೈಬಿಟ್ಟು 1853ರಲ್ಲಿ ಅವನೊಡನೆ ಘಟ್ಟ ಹತ್ತಿದರು. ಕೊಡಗಿನಲ್ಲಿ ನೆಲೆಯೂರುವುದು ಮಿಷನ್ನಿನ ಯೋಜನೆಯಲ್ಲಿರಲಿಲ್ಲ. ಅವರು ಹೋದುದು ತಮ್ಮ ಸ್ವಂತ ಹೊಣೆಯಲ್ಲಿ.

ಕೊನೆಯ ಅರಸನಾದ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿಯವರು ಕೊಡಗನ್ನು ವಶಪಡಿಸಿಕೊಂಡುದು 1834ರಲ್ಲಿ. ಅಲ್ಲಿಯ ಭತ್ತದ ಗದ್ದೆಗಳಲ್ಲಿ ದುಡಿಯುತ್ತಿದ್ದವರು ಅಂದು ಹೊಲೆಯರೆಂದು ಕರೆಯಲ್ಪಡುತ್ತಿದ್ದ ದಲಿತ ಕುಟುಂಬಗಳು. ಅವರು ಕೂಲಿಗಳಾಗಿರಲಿಲ್ಲ, ತಲೆತಲಾಂತರದಿಂದ ಭೂಮಿಗೋ ಒಡೆಯನ ಮನೆಗೋ ಸೇರಿದ ಜೀತದಾಳುಗಳಾಗಿದ್ದರು. ಕಂಪನಿಯ ಆಳ್ವಿಕೆಯ ಪ್ರದೇಶಗಳಲ್ಲಿ ದಾಸ್ಯಕ್ಕೆ ನ್ಯಾಯಾಲಯದ ಮನ್ನಣೆಯಿಲ್ಲವೆಂದು 1843ರ ಐದನೆಯ ಕಾನೂನು ಸಾರಿದ್ದಿತು. ಕಾಗದದ ಮೇಲೆ ಬಿಡುಗಡೆ ಬಂದಿತು. ಬಿಡುಗಡೆಯಾದವನು ಸಂಜೆ ಎಲ್ಲಿ ಮಲಗಬೇಕು, ನಾಳೆ ಏನನ್ನುಣ್ಣಬೇಕು ಎಂಬುದನ್ನು ಕಾನೂನು ಹೇಳಲಿಲ್ಲ. ಒಡೆಯನ ಹಟ್ಟಿಯನ್ನು ಬಿಟ್ಟು ಹೊರಟವನಿಗೆ ನಿಲ್ಲಲು ಅಂಗೈಯಗಲ ನೆಲವಿಲ್ಲದಿದ್ದರೆ ಅವನು ಮತ್ತೆ ಅದೇ ಹಟ್ಟಿಗೆ ಮರಳಲೇಬೇಕು.

ಮೋಗ್ಲಿಂಗರು ಈ ಮರ್ಮವನ್ನು ಅರಿತರು. ದಕ್ಷಿಣ ಕೊಡಗಿನಲ್ಲಿ ಕಾಡುಭೂಮಿಯನ್ನು ಪಡೆದು, ತಮ್ಮಲ್ಲಿಗೆ ಬಂದ ಈ ಕುಟುಂಬಗಳಿಗಾಗಿ ಆನಂದಪುರವೆಂಬ ಊರನ್ನು ಕಟ್ಟಿದರು. ಕಾಡನ್ನು ಕಡಿದು ಕಾಫಿಯನ್ನು ನೆಡುವುದು, ಆ ತೋಟದ ದುಡಿಮೆಯಿಂದ ಊರು ತನ್ನ ಕಾಲಮೇಲೆ ನಿಲ್ಲುವುದು ಅವರ ಯೋಜನೆ. ದಾನದ ಗಂಜಿಯನ್ನು ಹಾಕಿದರೆ ಹಂಗು ಬದಲಾಗುತ್ತದೆ, ಬಿಡುಗಡೆಯಾಗುವುದಿಲ್ಲ. ದುಡಿದು ಉಣ್ಣುವ ಘನತೆಯನ್ನು ಒದಗಿಸಬೇಕೆಂಬ ಈ ತಿಳಿವಳಿಕೆ ಕಾಯಕದ ಮರ್ಮವನ್ನು ಬಲ್ಲ ಶರಣರ ಪರಂಪರೆಯವರಿಗೆ ಹೊಸದಲ್ಲ.

ತೋಟವನ್ನು ಎಬ್ಬಿಸುವ ಕಷ್ಟವನ್ನು ತಿಪಟೂರು ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೆಂಗಿನ ಸಸಿಯನ್ನು ನೆಟ್ಟವನು ಫಲಕ್ಕಾಗಿ ವರ್ಷಗಳನ್ನು ಎಣಿಸುವಂತೆ ಕಾಫಿಯನ್ನು ನೆಟ್ಟವನೂ ಮೂರು ನಾಲ್ಕು ವರ್ಷ ಕಾಯಬೇಕು. ಅಲ್ಲಿಯವರೆಗೆ ಕಳೆ ಕೀಳುವವನಿಗೂ ಗುಂಡಿ ತೋಡುವವನಿಗೂ ವಾರ ವಾರ ಅಕ್ಕಿಯನ್ನು ಅಳೆದುಕೊಡಲೇಬೇಕು. ಆದಾಯವಿಲ್ಲದ ಆ ವರ್ಷಗಳಲ್ಲಿ ಖರ್ಚಿಗೆ ಸಾಲವೇ ದಾರಿಯಾಯಿತು. ಕಾವ್ಯದ ಪಾಠಾಂತರಗಳನ್ನು ಚೆನ್ನಾಗಿ ತೂಗಬಲ್ಲವರಾಗಿದ್ದ ಮೋಗ್ಲಿಂಗರು ಲೇವಾದೇವಿಯ ಲೆಕ್ಕದಲ್ಲಿ ಅಷ್ಟು ನಿಪುಣರಾಗಿರಲಿಲ್ಲವೆಂದು ತೋರುತ್ತದೆ. ಪಾದ್ರಿಯು ತೋಟಗಾರನೂ ಸಾಲಗಾರನೂ ಆಗುವುದು ದೂರದ ಬಾಸೆಲ್‌ನಲ್ಲಿ ಕುಳಿತವರಿಗೆ ಹಿತವಾಗಿ ಕಾಣುವ ಸಂಗತಿಯೂ ಅಲ್ಲ. ಆದರೆ ಜನ ಆಗಲೇ ಬಂದು ನೆಲೆಸಿದ್ದರು. ಅವರನ್ನು ಬಿಟ್ಟು ಹಿಂದೆಗೆಯುವಂತಿರಲಿಲ್ಲ.

ಮೋಗ್ಲಿಂಗರ ದಾಯಾದಿ ಸಹೋದರರೂ ಸಹೋದ್ಯೋಗಿಯೂ ಆಗಿದ್ದ ಗಾಟ್‌ಫ್ರೀಡ್ ವೈಗ್ಲೆಯವರು 1855ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು. ಕನ್ನಡ ಬೈಬಲಿನ ಪರಿಷ್ಕರಣದಲ್ಲಿ ದುಡಿದ ವಿದ್ವಾಂಸರವರು. ಮರುವರ್ಷ ಅವರ ವಿಧವೆ ಪಾಲೀನ್ ಅವರನ್ನು ಮೋಗ್ಲಿಂಗರು ವಿವಾಹವಾದರು. ನಲವತ್ತೈದರ ವಯಸ್ಸಿನವರೆಗೂ ಒಂಟಿಯಾಗಿದ್ದವರಿಗೆ ಮನೆಯೊಂದಾಯಿತು. ಮಂಗಳೂರಿನ ಪರಿಚಿತ ಬಾಳನ್ನು ಬಿಟ್ಟು ಆಕೆ ಮಳೆ, ಜಿಗಣೆ, ಜ್ವರಗಳ ಕೊಡಗಿಗೆ ಬಂದು ಗಂಡನ ಕೆಲಸಕ್ಕೆ ಹೆಗಲಾದರು.

ಕೊಡಗಿನಲ್ಲಿದ್ದ ವರ್ಷಗಳಲ್ಲಿಯೂ ಲೇಖನಿ ಸುಮ್ಮನಿರಲಿಲ್ಲ. ಆ ನಾಡಿನ ಚರಿತ್ರೆ, ಕೊಡವರ ಆಚಾರಗಳು, ತಮ್ಮ ಕೆಲಸದ ವೃತ್ತಾಂತ ಇವನ್ನು ಸೇರಿಸಿ ಇಂಗ್ಲಿಷಿನಲ್ಲಿ ಬರೆದ ಕೊಡಗಿನ ಸ್ಮೃತಿಗಳೆಂಬ ಅರ್ಥದ ಗ್ರಂಥ 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಕೊಡಗಿನ ಇತಿಹಾಸವನ್ನು ಅಭ್ಯಸಿಸುವವರು ಅದನ್ನು ಇಂದಿಗೂ ತಿರುವಿಹಾಕುತ್ತಾರೆ.

ಪತ್ನಿಯ ಆರೋಗ್ಯ ಕೆಟ್ಟುದರಿಂದ 1860ರಲ್ಲಿ ಮೋಗ್ಲಿಂಗರು ಭಾರತವನ್ನು ಬಿಡಬೇಕಾಯಿತು. ಮತ್ತೆ ಅವರು ಹಿಂದಿರುಗಲಿಲ್ಲ. ಆನಂದಪುರದ ಹೊಣೆಯನ್ನು ಮಿಷನ್ ಸಂಸ್ಥೆ ವಹಿಸಿಕೊಂಡಿತು. ಮಂಗಳೂರಿನಲ್ಲಿ ಮನೆಯನ್ನು ಕಳೆದುಕೊಂಡಿದ್ದ ಕೌಂಡಿನ್ಯರೇ ಮುಂದೆ ಅಲ್ಲಿಯ ಕಾಫಿತೋಟದಲ್ಲಿ ದುಡಿದರು. ಗುರುವು ಹೊತ್ತ ಭಾರದಲ್ಲಿ ಒಂದು ಪಾಲು ಹೀಗೆ ಶಿಷ್ಯನ ಹೆಗಲಿಗೆ ಬಂದಿತು.

ಜರ್ಮನಿಯಲ್ಲಿ ಕಳೆದ ಇಪ್ಪತ್ತು ವರ್ಷಗಳಲ್ಲಿ ಹೇಳತಕ್ಕ ಘಟನೆಗಳು ವಿರಳ. ಮೋಗ್ಲಿಂಗರು ಕೊಡಗಿಗೆ ಹೋದ 1853ರಲ್ಲಿಯೇ ಭಾರತಕ್ಕೆ ಬಂದ ತರುಣ ಪಾದ್ರಿ ಫರ್ಡಿನಂಡ್ ಕಿಟ್ಟೆಲರು ಅವರು ತೆರೆದ ದಾರಿಯಲ್ಲಿ ಬಹುದೂರ ನಡೆದು, 1894ರಲ್ಲಿ ಕನ್ನಡದ ಮಹಾನಿಘಂಟನ್ನು ಮಂಗಳೂರಿನಲ್ಲಿ ಹೊರತಂದರು. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಆ ನಿಘಂಟಿಗೆ ಬೇಕಾದ ಪ್ರಯೋಗಗಳನ್ನು ಹಳೆಯ ಕಾವ್ಯಗಳಿಂದ ಹೆಕ್ಕಬೇಕಾಗಿತ್ತು. ಆ ಕಾವ್ಯಗಳಲ್ಲಿ ಕೆಲವು ಬಲ್ಮಠದ ಕಲ್ಲಿನ ಮೇಲೆ ಆಗಲೇ ಅಚ್ಚಾಗಿದ್ದವು. ಅದನ್ನು ಕಾಣಲು ಮೋಗ್ಲಿಂಗರು ಬದುಕಿರಲಿಲ್ಲ.

ಅವರು 1881ರ ಮೇ 10ರಂದು ಎಸ್‌ಲಿಂಗೆನ್ ಪಟ್ಟಣದಲ್ಲಿ ತಮ್ಮ ಎಪ್ಪತ್ತನೆಯ ವರ್ಷ ತುಂಬಲು ಕೆಲವೇ ದಿನಗಳಿರುವಾಗ ನಿಧನರಾದರು. ಅವರ ಗೆಳೆಯರೂ ಮಲಯಾಳ ಭಾಷೆಗೆ ನಿಘಂಟು, ವ್ಯಾಕರಣಗಳನ್ನು ರಚಿಸಿಕೊಟ್ಟವರೂ ಆದ ಹರ್ಮನ್ ಗುಂಡರ್ಟ್ ಅವರು ಮರುವರ್ಷ ಅವರ ಜೀವನಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು. ಸಿದ್ಧಾರ್ಥ ಕಾದಂಬರಿಯಿಂದ ಭಾರತೀಯರಿಗೂ ಪರಿಚಿತರಾದ ಹರ್ಮನ್ ಹೆಸ್ಸೆಯವರು ಈ ಗುಂಡರ್ಟರ ಮೊಮ್ಮಗ.